ಹುಲ್ಲಿಗೂ ಹಿಮಕ್ಕೂ ಒಂದೇ ಯಂತ್ರ: ಕೈತೋಟದ ಹಳೆಯ ಟ್ರ್ಯಾಕ್ಟರನ್ನು ಆರಿಸುವ ವಿವೇಕ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆಯ ಸೀಮೆಯ ಶಿಬಿರದಲ್ಲಿ ಹಿಮ ಬೀಳುವ ನಾಡಿನ ಯಂತ್ರದ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಎರಡು ಕಾರಣಗಳಿವೆ. ಮಲೆನಾಡಿನ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದ ಚಳಿರಾಜ್ಯಗಳಲ್ಲಿ ಮನೆ ಮಾಡಿಕೊಂಡಿದ್ದು, ಬೇಸಿಗೆಯಲ್ಲಿ ಆಳೆತ್ತರಕ್ಕೆ ಬರಬಯಸುವ ಹುಲ್ಲನ್ನೂ ಚಳಿಗಾಲದಲ್ಲಿ ಬಾಗಿಲು ಮುಚ್ಚುವ ಹಿಮವನ್ನೂ ಎದುರಿಸುತ್ತಿದ್ದಾರೆ. ಎರಡನೆಯದಾಗಿ, ಹೊಸದನ್ನೇ ಕೊಳ್ಳಬೇಕೆಂಬ ಕೊಳ್ಳುಬಾಕ ಸಂಸ್ಕೃತಿಯ ತವರೆನಿಸಿದ ಆ ದೇಶದಲ್ಲಿಯೇ, ಅರವತ್ತು ವರ್ಷ ಹಳೆಯದಾದ ಪುಟ್ಟ ಟ್ರ್ಯಾಕ್ಟರುಗಳು ಇಂದಿಗೂ ದುಡಿಯುತ್ತಿವೆ. ಅವು ಏಕೆ ಉಳಿದವು, ಅವುಗಳ ನಂತರ ಬಂದ ಹಲವು ಯಂತ್ರಗಳು ಏಕೆ ಗುಜರಿ ಸೇರಿದವು ಎಂಬುದು ಎಲ್ಲ ನಾಡಿನವರಿಗೂ ಪಾಠವಾಗಬಲ್ಲ ಸಂಗತಿ.

ಎರಡು ಹೆಸರು, ಎರಡು ಜಾತಿ

ಮೊದಲು ಯಂತ್ರದ ಪರಿಚಯ. ಇಲ್ಲಿ ತೋಟವೆಂದರೆ ಅಡಕೆ ತೋಟವಲ್ಲ. ಮನೆಯ ಸುತ್ತಣ ಅಂಗಳ, ಹುಲ್ಲುಹಾಸು ಮತ್ತು ಕೈತೋಟ. ಅಮೆರಿಕದ ಹುಲ್ಲುಹಾಸುಗಳೆಲ್ಲ ಸೇರಿ 1 ಲಕ್ಷ ಚದರ ಕಿಲೋಮೀಟರಿಗೂ ಅಧಿಕವೆಂದು 2005ರಲ್ಲಿ ಪ್ರಕಟವಾದ, ಉಪಗ್ರಹ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು ಅಂದಾಜು ಮಾಡಿತು. ಅದು ಕರ್ನಾಟಕದ ವಿಸ್ತೀರ್ಣದ ಅರ್ಧಕ್ಕಿಂತ ಹೆಚ್ಚು. ಇಷ್ಟು ನೆಲದಲ್ಲಿ ಉಣ್ಣಲು ಬಾರದ ಹುಲ್ಲನ್ನು ಬೆಳೆಸಿ ವಾರವಾರವೂ ಕತ್ತರಿಸುವುದು ಎಷ್ಟು ಸರಿ ಎಂಬುದು ಬೇರೆಯೇ ಚರ್ಚೆ. ಆದರೆ ಕತ್ತರಿಸಲೇಬೇಕಾದವನು ಯಾವ ಯಂತ್ರವನ್ನು ಕೊಳ್ಳಬೇಕೆಂಬುದೂ ಪರಿಸರದ ಪ್ರಶ್ನೆಯೇ.

ಅಲ್ಲಿನ ಮಾರುಕಟ್ಟೆಯಲ್ಲಿ ಕುಳಿತು ಓಡಿಸುವ ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ಒಂದು ಹುಲ್ಲುಹಾಸಿನ ಟ್ರ್ಯಾಕ್ಟರ್. ಇನ್ನೊಂದು ಕೈತೋಟದ ಟ್ರ್ಯಾಕ್ಟರ್. ದೂರದಿಂದ ಎರಡೂ ಒಂದೇ. ಎಂಜಿನ್ನಿನ ಅಶ್ವಶಕ್ತಿಯೂ ಹಲವು ವೇಳೆ ಒಂದೇ. ಎಷ್ಟೋ ಸಲ ಹಗುರ ಯಂತ್ರದ ಮೇಲೆಯೇ ದೊಡ್ಡ ಅಂಕಿ ಬರೆದಿರುತ್ತದೆ. ವ್ಯತ್ಯಾಸವಿರುವುದು ಕಣ್ಣಿಗೆ ಕಾಣದ ಭಾಗಗಳಲ್ಲಿ. ಹುಲ್ಲುಹಾಸಿನ ಯಂತ್ರದ ಚಾಸಿ ತೆಳು ತಗಡನ್ನು ಒತ್ತಿ ಮಾಡಿದ್ದು. ಹಿಂಬದಿಯ ಗೇರ್‌ಬಾಕ್ಸ್ ಹಗುರವಾದದ್ದು. ಕೆಲವದರಲ್ಲಿ ಒಳಗಿನ ತೈಲವನ್ನು ಬದಲಿಸಲು ಸುಲಭವಾದ ದಾರಿಯನ್ನೂ ಇಟ್ಟಿಲ್ಲ. ಕೈತೋಟದ ಟ್ರ್ಯಾಕ್ಟರಿನ ಚಾಸಿ ದಪ್ಪ ಉಕ್ಕಿನದು. ಗೇರ್‌ಬಾಕ್ಸ್ ನೆಲ ಉಳುವ, ಭಾರ ತಳ್ಳುವ ಕೆಲಸಕ್ಕೆಂದೇ ಮಾಡಿದ್ದು.

ಗುರುತಿಸಲು ಸರಳ ಉಪಾಯವೊಂದಿದೆ. ಹಿಂಚಕ್ರದ ರಿಮ್ಮನ್ನು ಅಳೆಯುವುದು. ಹಗುರ ಯಂತ್ರಕ್ಕೆ ಸಾಮಾನ್ಯವಾಗಿ 8 ಅಂಗುಲದ ರಿಮ್ಮು; ಚಕ್ರವನ್ನು ಅಚ್ಚಿನ ತುದಿಯಲ್ಲಿ ಒಂದು ಕ್ಲಿಪ್ಪು ಹಿಡಿದಿರುತ್ತದೆ. ಭಾರಿ ಯಂತ್ರಕ್ಕೆ 12 ಅಂಗುಲದ ರಿಮ್ಮು. ಚಕ್ರವನ್ನು ಕಾರಿನ ಚಕ್ರದಂತೆ ಬೋಲ್ಟುಗಳಿಂದ ಬಿಗಿದಿರುತ್ತಾರೆ.

ಹಿಮದ ಭಾರ

ಹುಲ್ಲು ಕತ್ತರಿಸಲು ಮಾತ್ರವಾದರೆ ಹಗುರ ಯಂತ್ರವೂ ಸಾಕು. ಹಿಮದ ಮಾತು ಹಾಗಲ್ಲ. ಮನೆಯಿಂದ ರಸ್ತೆಗೆ 30 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿಯಿದೆಯೆಂದುಕೊಳ್ಳೋಣ. ಅದರ ಮೇಲೆ 20 ಸೆಂಟಿಮೀಟರ್ ಹಿಮ ಬಿದ್ದರೆ ಒಟ್ಟು 18 ಘನ ಮೀಟರ್. ಆಗತಾನೆ ಬಿದ್ದ ಒಣಹಿಮ ಘನ ಮೀಟರಿಗೆ 100 ಕಿಲೋ ತೂಗಿದರೂ 1,800 ಕಿಲೋ ಆಯಿತು. ಅದೇ ಹಿಮ ನೀರು ಹೀರಿ ಕುಸಿದಾಗ ಘನ ಮೀಟರಿಗೆ 300 ಕಿಲೋ ತೂಗಬಲ್ಲದು. ಆಗ ಅಷ್ಟೇ ಎತ್ತರದ ಹಿಮ 5,400 ಕಿಲೋ. ಒಂದೇ ರಾತ್ರಿಯಲ್ಲಿ ಅಂಗಳಕ್ಕೆ ಬಂದಿಳಿದ ಒಂದು ಲಾರಿ ಹೊರೆಯದು.

ಇದನ್ನು ತಳ್ಳುವುದು ಟ್ರ್ಯಾಕ್ಟರಿನ ಮುಂದೆ ಕಟ್ಟಿದ 42ರಿಂದ 54 ಅಂಗುಲ ಅಗಲದ ಉಕ್ಕಿನ ಹಲಗೆ. ಹಲಗೆ ಹೆಪ್ಪುಗಟ್ಟಿದ ಗಡ್ಡೆಗೆ ತಾಗಿದಾಗ ಆ ಹೊಡೆತವನ್ನು ತಡೆಯುವುದು ಎಂಜಿನ್ ಅಲ್ಲ, ಚಾಸಿ ಮತ್ತು ಗೇರ್‌ಬಾಕ್ಸ್. ಒಳ್ಳೆಯ ಯಂತ್ರದಲ್ಲಿ ಹಲಗೆಯ ತೋಳುಗಳು ಹೊಟ್ಟೆಯಡಿಯಿಂದ ಹಿಂದಿನ ಅಚ್ಚಿನ ಸಮೀಪದವರೆಗೂ ಚಾಚಿ, ಹೊರೆಯನ್ನು ಅಲ್ಲಿಗೆ ಒಪ್ಪಿಸುತ್ತವೆ. ತಗಡಿನ ಚಾಸಿಗೆ ಅದನ್ನೇ ಕಟ್ಟಿದರೆ ಕೆಲವೇ ಚಳಿಗಾಲಗಳಲ್ಲಿ ಬಾಗುತ್ತದೆ, ಇಲ್ಲವೇ ಗೇರ್‌ಬಾಕ್ಸ್ ಸೋಲುತ್ತದೆ. ಆದುದರಿಂದ ಹಳೆಯ ಯಂತ್ರ ಕೊಳ್ಳುವವನು ಕೇಳಬೇಕಾದ ಮೊದಲ ಪ್ರಶ್ನೆ ಅಶ್ವಶಕ್ತಿ ಎಷ್ಟೆಂಬುದಲ್ಲ. ಭಾರವನ್ನು ಹೊರುವುದು ಯಾವುದು ಎಂಬುದು.

ಹಿಡಿತವೂ ಅಷ್ಟೇ ಮುಖ್ಯ. ಹಿಂಚಕ್ರಗಳಿಗೆ ಸರಪಳಿ, ಅವುಗಳ ಮೇಲೆ ಕಬ್ಬಿಣದ ತೂಕ, ಟೈರಿನೊಳಗೆ ದ್ರವ ಇವೆಲ್ಲ ಬೇಕಾಗುತ್ತವೆ. ಹಿಂದೆ ಟೈರಿಗೆ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣ ತುಂಬುತ್ತಿದ್ದರು. ಅದು ಹೆಪ್ಪುಗಟ್ಟದು, ಆದರೆ ಸೋರಿದಲ್ಲಿ ರಿಮ್ಮನ್ನು ತಿನ್ನುತ್ತದೆ. ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ರಸದಿಂದ ಮಾಡಿದ ದ್ರವವನ್ನು ಇಂದು ಅನೇಕರು ಬಳಸುತ್ತಾರೆ. ಹಲಗೆ, ಸರಪಳಿ, ತೂಕ ಇವು ಯಂತ್ರದ ಜೊತೆಗೇ ಬರುತ್ತವೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು. ಹಳೆಯ ಮಾದರಿಗೆ ಹೊಂದುವ ಹಲಗೆಯನ್ನು ಆಮೇಲೆ ಹುಡುಕುವುದು ಕಷ್ಟ ಮತ್ತು ದುಬಾರಿ.

ಮೂರು ಮನೆತನಗಳ ಹೋಲಿಕೆ

ಹಳೆಯ ಮಾರುಕಟ್ಟೆಯಲ್ಲಿ ಪದೇ ಪದೇ ಕೇಳಿಬರುವ ಮೂರು ಹೆಸರುಗಳನ್ನು ಹೋಲಿಸಿ ನೋಡಬಹುದು.

ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ 1946ರಲ್ಲಿ ಆರಂಭವಾದದ್ದು ವೀಲ್ ಹಾರ್ಸ್. 1986ರಲ್ಲಿ ಅದು ಟೋರೊ ಕಂಪನಿಯ ಪಾಲಾಯಿತು; 2007ರಲ್ಲಿ ಆ ಹೆಸರೇ ನಿಂತುಹೋಯಿತು. ಗಟ್ಟಿ ಗೇರುಗಳ ಸರಳ ಯಂತ್ರವೆಂದು ಅದಕ್ಕೆ ಖ್ಯಾತಿ. ಒಂದೇ ಕೊರತೆಯೆಂದರೆ, ಹಿಮ ತಳ್ಳುವಾಗ ಮುಂದಕ್ಕೂ ಹಿಂದಕ್ಕೂ ನೂರಾರು ಬಾರಿ ಹೋಗಬೇಕಾಗುತ್ತದೆ. ಗೇರಿನ ಯಂತ್ರದಲ್ಲಿ ಪ್ರತಿಸಲವೂ ಕ್ಲಚ್ ಒತ್ತಿ ನಿಲ್ಲಿಸಿ ಗೇರು ಬದಲಿಸಬೇಕು.

ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1961ರಲ್ಲಿ ಕಬ್ ಕೆಡೆಟ್ ಎಂಬ ಮಾದರಿಯನ್ನು ತಂದಿತು. ಎಂಜಿನ್ನಿನಿಂದ ಗೇರ್‌ಬಾಕ್ಸಿಗೆ ಬೆಲ್ಟಿನ ಬದಲು ಉಕ್ಕಿನ ದಂಡವೇ ಶಕ್ತಿಯನ್ನು ಒಯ್ಯುವುದು ಇದರ ವಿಶೇಷ. ಒದ್ದೆಯಾಗಿ ಜಾರುವ ಬೆಲ್ಟಿಲ್ಲದ ಕಾರಣ ಹಿಮದ ಕೆಲಸಕ್ಕೆ ಅದು ಹೇಳಿಸಿದಂತಿದೆ. 1981ರಲ್ಲಿ ಈ ವ್ಯವಹಾರ ಬೇರೆ ಕಂಪನಿಗೆ ಮಾರಾಟವಾಯಿತು. ಅದೇ ಹೆಸರು ನಂತರ ಹಗುರ ಯಂತ್ರಗಳ ಮೇಲೂ ಬಂದಿತಾದ್ದರಿಂದ, ಹೆಸರು ನೋಡಿ ಮಾತ್ರ ಹಣ ಕೊಡುವುದು ಜಾಣತನವಲ್ಲ.

ಮೂರನೆಯದು ಜಾನ್ ಡೀರ್. ಅದರ ಮೊದಲ ಕೈತೋಟದ ಟ್ರ್ಯಾಕ್ಟರಾದ 110 ಮಾದರಿ 1963ರಲ್ಲಿ ಬಂದಿತು. 1983ರಿಂದ 1992ರವರೆಗೆ ತಯಾರಾದ 318 ಮಾದರಿ ಬಹಳ ಬೇಡಿಕೆಯುಳ್ಳದ್ದು. ಇದರದು ಹೈಡ್ರೋಸ್ಟಾಟಿಕ್ ಚಾಲನೆ, ಅಂದರೆ ತೈಲದ ಒತ್ತಡದಿಂದ ಚಕ್ರ ತಿರುಗುತ್ತದೆ. ಕ್ಲಚ್ಚಿನ ಕಾಟವಿಲ್ಲದೆ ಮುಂದೆ ಹಿಂದೆ ಹೋಗಬಹುದು. ಹಲಗೆಯನ್ನು ಎತ್ತಲೂ ತೈಲದ ಶಕ್ತಿಯೇ ಉಂಟು. ಆದರೆ ಇದರ ಎರಡು ಸಿಲಿಂಡರಿನ ಓನನ್ ಎಂಜಿನ್ನಿನ ತಯಾರಿಕೆ ನಿಂತಿದೆ, ಬಿಡಿಭಾಗಗಳು ದುಬಾರಿ.

ಇದಕ್ಕೆ ಪ್ರತಿಯಾಗಿ, ಮೊದಲೆರಡು ಮನೆತನಗಳ ಹಲವು ಯಂತ್ರಗಳಲ್ಲಿರುವ ಕೋಹ್ಲರ್ ಕೆ ಸರಣಿಯ ಒಂಟಿ ಸಿಲಿಂಡರ್ ಎಂಜಿನ್ ಬೀಡುಕಬ್ಬಿಣದ್ದು. ಸವೆದಾಗ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಮತ್ತೆ ಹೊಸದರಂತಾಗುತ್ತದೆ. ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಎಲ್ಲ ಅನುಕೂಲವೂ ಇರುವ ಯಂತ್ರಕ್ಕಿಂತ ಬಿಚ್ಚಿ ಕಟ್ಟಬಹುದಾದ ಯಂತ್ರವೇ ದೀರ್ಘಾಯು ಎಂಬುದಕ್ಕೆ ಇದು ನಿದರ್ಶನ. ಒಂದೆರಡು ಎಕರೆ ಅಂಗಳ, ಸಾಧಾರಣ ದಾರಿಯುಳ್ಳವನಿಗೆ 10ರಿಂದ 12 ಅಶ್ವಶಕ್ತಿಯ ಇಂಥ ಯಂತ್ರವೇ ಸಾಕು. ದಾರಿ ಉದ್ದವಿದ್ದು ಪ್ರತಿ ವಾರ ಹಿಮ ತಳ್ಳಬೇಕಾದವನಿಗೆ ಮಾತ್ರ ಹೈಡ್ರೋಸ್ಟಾಟಿಕ್ ಚಾಲನೆಯ ಹೆಚ್ಚಿನ ಬೆಲೆ ಸಾರ್ಥಕ.

ಪರೀಕ್ಷೆಯ ಕ್ರಮ

ಯಂತ್ರ ನೋಡಲು ಹೋದಾಗ ಮೊದಲು ಎಂಜಿನ್ನನ್ನು ಮುಟ್ಟಿ ನೋಡಬೇಕು. ಅದು ಮೊದಲೇ ಬೆಚ್ಚಗಿದ್ದರೆ, ತಣ್ಣಗಿರುವಾಗ ಏಳದ ದೋಷವನ್ನು ಮುಚ್ಚಿರುವ ಸಂಭವವುಂಟು. ಚಾಲೂ ಮಾಡಿದಾಗ ನೀಲಿ ಹೊಗೆ ನಿಲ್ಲದೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿದೆ. ಕಪ್ಪು ಹೊಗೆಯ ದೋಷ ಕಾರ್ಬುರೇಟರಿನಲ್ಲಿ ಸರಿಹೋಗಬಹುದು, ನೀಲಿ ಹೊಗೆಗೆ ಖರ್ಚು ಹೆಚ್ಚು. ಕೋಹ್ಲರ್ ಕೆ ಸರಣಿಯ ಅನೇಕ ಎಂಜಿನ್ನುಗಳು ಸುಲಭವಾಗಿ ಚಾಲೂ ಆಗಲೆಂದು ತಾವಾಗಿಯೇ ಕಂಪ್ರೆಶನ್ ಇಳಿಸಿಕೊಳ್ಳುತ್ತವೆ. ಅಲ್ಲಿ ಮೀಟರಿನ ಕಡಿಮೆ ಅಂಕಿಯನ್ನು ನೋಡಿ ಎಂಜಿನ್ ಸತ್ತಿದೆಯೆಂದು ತೀರ್ಮಾನಿಸಬಾರದು.

ಹೈಡ್ರೋಸ್ಟಾಟಿಕ್ ಯಂತ್ರವನ್ನು ಅರ್ಧ ಗಂಟೆ ಓಡಿಸಿ, ತೈಲ ಕಾದ ಮೇಲೆ ಏರು ಹತ್ತಿಸಬೇಕು. ತಣ್ಣಗಿದ್ದಾಗ ಹತ್ತಿ ಬಿಸಿಯಾದಾಗ ಸೋಲುವುದು ಒಳಗಿನ ಸವೆತದ ಲಕ್ಷಣ. ಎಂಜಿನ್ ನಿಲ್ಲಿಸಿ ಮುಂದಿನ ಅಚ್ಚನ್ನು, ಸ್ಟೀರಿಂಗನ್ನು ಅಲುಗಿಸಿ ನೋಡಬೇಕು. ಕತ್ತರಿಸುವ ಅಲಗುಗಳಿರುವ ಡೆಕ್ಕನ್ನು ಮುಟ್ಟುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಲೇಬೇಕು. ಬಳಿಕ ಅಲಗನ್ನು ಮೇಲೆ ಕೆಳಗೆ ಆಡಿಸಿದರೆ ಬೇರಿಂಗಿನ ಸ್ಥಿತಿ ತಿಳಿಯುತ್ತದೆ. ಒದ್ದೆ ಹುಲ್ಲು ಅಂಟಿ ಡೆಕ್ಕಿನ ಒಳಮೈ ತುಕ್ಕು ಹಿಡಿದು ತೂತಾಗಿರುವುದು ಸಾಮಾನ್ಯ. ಮೇಲಿನ ಹೊಸ ಬಣ್ಣ ಅದನ್ನು ಹೇಳುವುದಿಲ್ಲ.

ಕೊನೆಯದು ಸುರಕ್ಷತೆ. ಸವಾರ ಏಳುತ್ತಲೇ ಎಂಜಿನ್ ಅಥವಾ ಅಲಗು ನಿಲ್ಲುವಂತೆ ಮಾಡುವ ಸ್ವಿಚ್ಚು ಬಹಳ ಹಳೆಯ ಯಂತ್ರಗಳಲ್ಲಿ ಇರುವುದೇ ಇಲ್ಲ. ಇರುವ ಯಂತ್ರಗಳಲ್ಲಿಯೂ ತಂತಿ ಜೋಡಿಸಿ ಅದನ್ನು ವ್ಯರ್ಥಗೊಳಿಸಿರುತ್ತಾರೆ. ಇಳಿಜಾರಿನಲ್ಲಿ ಇಂಥ ಯಂತ್ರವನ್ನು ಅಡ್ಡಡ್ಡ ಓಡಿಸದೆ ಮೇಲೆ ಕೆಳಗೆ ಓಡಿಸುವುದು ವಾಡಿಕೆ. ಸುಮಾರು 15 ಡಿಗ್ರಿ ಮೀರಿದ ಇಳಿಜಾರಿಗೆ ಅದು ತಕ್ಕದ್ದಲ್ಲ. ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ಓಡಿಸುವುದಂತೂ ಸರ್ವಥಾ ಕೂಡದು. ಉಳಿಸಿದ ಹಣ ಒಂದು ಕಾಲಿನ ಬೆಲೆಗೆ ಸಮನಾಗದು.

ಹಳೆಯದು ಪರಿಸರಕ್ಕೆ ಹಿತವೇ?

ಹಳೆಯ ಎಂಜಿನ್ ಹೆಚ್ಚು ಹೊಗೆಯುಗುಳುತ್ತದೆಯಲ್ಲವೇ ಎಂಬ ಆಕ್ಷೇಪ ನ್ಯಾಯವಾದುದು. ಅಮೆರಿಕದಲ್ಲಿ ಸಣ್ಣ ಎಂಜಿನ್ನುಗಳ ಹೊಗೆಗೆ ರಾಷ್ಟ್ರಮಟ್ಟದ ಮಿತಿ ಬಂದದ್ದು 1997ರ ಮಾದರಿಗಳಿಂದ. ಅದಕ್ಕೂ ಹಿಂದಿನವು ವಿಷಾನಿಲವನ್ನು ಹೆಚ್ಚಾಗಿಯೇ ಬಿಡುತ್ತವೆ. ಕ್ಯಾಲಿಫೋರ್ನಿಯ ರಾಜ್ಯವು 2021ರ ಕಾಯ್ದೆಯ ಮೇರೆಗೆ 2024ರ ಮಾದರಿಗಳಿಂದ ಹುಲ್ಲು ಕತ್ತರಿಸುವಂಥ ಹೊಸ ಸಣ್ಣ ಯಂತ್ರಗಳು ಹೊಗೆರಹಿತವಾಗಿರಬೇಕೆಂದು ವಿಧಿಸಿತು. ಇರುವ ಯಂತ್ರಗಳ ಬಳಕೆಯನ್ನು ತಡೆಯಲಿಲ್ಲ.

ಇನ್ನೊಂದು ತಟ್ಟೆಯನ್ನೂ ತೂಗಬೇಕು. ಒಂದು ಟನ್ ಉಕ್ಕಿನ ತಯಾರಿಕೆಯಲ್ಲಿ ಜಾಗತಿಕ ಸರಾಸರಿಯಂತೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. 350 ಕಿಲೋ ತೂಗುವ ಹೊಸ ಯಂತ್ರದ ಉಕ್ಕಿಗೇ ಸುಮಾರು 700 ಕಿಲೋ. ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋ ಬರುತ್ತದೆ. ಅಂದರೆ ಅದು 300 ಲೀಟರ್ ಪೆಟ್ರೋಲಿಗೆ ಸಮ. ಹಳೆಯ ಯಂತ್ರ ಗಂಟೆಗೆ 3 ಲೀಟರಿನಂತೆ ವರ್ಷಕ್ಕೆ 40 ಗಂಟೆ ದುಡಿದರೆ 120 ಲೀಟರ್. ಹೊಸದು ಇದರಲ್ಲಿ ಐದನೆಯ ಒಂದು ಭಾಗ ಉಳಿಸಿದರೂ ಉಕ್ಕಿನ ಸಾಲ ತೀರಲು 12 ವರ್ಷಗಳಿಗೂ ಅಧಿಕ ಬೇಕು. ಹಗುರ ಯಂತ್ರವೊಂದು ಅಷ್ಟು ವರ್ಷ ಹಿಮ ತಳ್ಳಿ ಬದುಕುವುದೇ ಅನುಮಾನ. ವರ್ಷಕ್ಕೆ ಕೆಲವೇ ಗಂಟೆಗಳ ಕೆಲಸಕ್ಕೆ ಚೆನ್ನಾಗಿ ಸರಿಪಡಿಸಿದ ಹಳೆಯ ಯಂತ್ರ ನ್ಯಾಯವೆನಿಸೀತು. ದಿನವಿಡೀ ದುಡಿಸುವವನಿಗೆ ಹೊಸದು ಅಥವಾ ವಿದ್ಯುತ್ತಿನದು ಮೇಲು. ಕಾಲೆಕರೆ ಅಂಗಳದವನಿಗೆ ಇವೆರಡೂ ಬೇಡ. ಕೈಯಲ್ಲಿ ತಳ್ಳುವ ಯಂತ್ರ, ಒಂದು ಸಲಿಕೆ ಸಾಕು.

ಸರಿಪಡಿಸುವ ಹಕ್ಕು ಇಂದು ಕಾನೂನಿನ ವಿಷಯವೂ ಆಗಿದೆ. ಕೃಷಿ ಯಂತ್ರಗಳ ಬಿಡಿಭಾಗ, ಕೈಪಿಡಿ ಮತ್ತು ಸಾಫ್ಟ್‌ವೇರನ್ನು ತಯಾರಕರು ಮಾಲೀಕನಿಗೂ ಒದಗಿಸಬೇಕೆಂಬ ಕಾಯ್ದೆಯನ್ನು ಕೊಲರಾಡೊ ರಾಜ್ಯ 2023ರಲ್ಲಿ ಮಾಡಿತು. 2024ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಅರವತ್ತರ ದಶಕದ ಯಂತ್ರಕ್ಕೆ ಈ ಕಾಯ್ದೆಯ ಅಗತ್ಯವೇ ಇರಲಿಲ್ಲ. ಒಂದು ಪಾನದ ಸೆಟ್ಟು ಸಾಕಾಗಿತ್ತು.

ಮಲೆನಾಡಿನಲ್ಲಿ ಟಿಲ್ಲರು, ಕಳೆ ಕೊಚ್ಚುವ ಯಂತ್ರ, ಬೋರ್ಡೋ ದ್ರಾವಣ ಸಿಂಪಡಿಸುವ ಪಂಪು ಇವೆಲ್ಲ ಕೈಯಿಂದ ಕೈಗೆ ಮಾರಾಟವಾಗುತ್ತಲೇ ಇವೆ. ಅಲ್ಲಿಯೂ ಪ್ರಶ್ನೆಗಳು ಇವೇ: ಭಾರ ಹೊರುವ ಭಾಗ ಯಾವುದು, ಅದು ಎಷ್ಟು ಸವೆದಿದೆ, ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ, ಊರಿನ ಮೆಕ್ಯಾನಿಕ್ಕು ಅದನ್ನು ಬಿಚ್ಚಿ ಕಟ್ಟಬಲ್ಲನೇ? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ಬಣ್ಣ, ಬೆಲೆಗಳ ಮಾತು. ವಿದ್ಯಾರ್ಥಿಗಳು ತಮ್ಮೂರಿನ ಒಂದು ಹಳೆಯ ಯಂತ್ರವನ್ನು ಹೀಗೆ ಪರೀಕ್ಷಿಸಿ ಬರೆದಿಟ್ಟರೆ, ಮುಂದೆ ಕೊಳ್ಳುವವರಿಗೆ ಅದೊಂದು ದಾರಿದೀಪವಾದೀತು.