328 ದೊಡ್ಡದೋ, 319 ದೊಡ್ಡದೋ?

ಅಬ್ಬಿಗೆರೆಯ ಕೇಳುಗರೊಬ್ಬರ ಪ್ರಶ್ನೆ: ರಣಜಿ ಫೈನಲ್‌ಗಳಲ್ಲಿ ಅತಿ ದೊಡ್ಡ ಇನಿಂಗ್ಸ್ ಯಾವುದು?

ಬರೀ ರನ್ ನೋಡಿದ್ರೆ ಉತ್ತರ ಸುಲಭ. 1947ರಲ್ಲಿ ಬರೋಡಾದ ಗುಲ್ ಮೊಹಮ್ಮದ್ 319; 2015ರಲ್ಲಿ ವಾಂಖೆಡೆಯಲ್ಲಿ ನಮ್ಮ ಕರುಣ್ ನಾಯರ್ 328. ಒಂಬತ್ತು ರನ್ ಜಾಸ್ತಿ ಅಂದ ಮಾತ್ರಕ್ಕೆ ಕರುಣ್ ಆಟವೇ ದೊಡ್ಡದು ಅನ್ನೋಕಾಗಲ್ಲ.

ಪರಿಸ್ಥಿತಿ ಹೇಗಿತ್ತು, ಅದನ್ನೂ ನೋಡಬೇಕು. ಗುಲ್ ಕ್ರೀಸಿಗೆ ಬಂದಾಗ ಬರೋಡಾ 91ಕ್ಕೆ 3. ಕರುಣ್ ಆಡ್ತಿದ್ದಾಗ ಕರ್ನಾಟಕ 84ಕ್ಕೆ 5. ತಮಿಳುನಾಡಿನ 134 ಕೂಡ ದೂರ ಅನ್ನಿಸ್ತಿತ್ತು! ಅಲ್ಲಿಂದ ರಾಹುಲ್ ಜೊತೆ 386 ರನ್ ಜೊತೆಯಾಟ; ತಂಡದ ಮೊತ್ತ 762.

ಹಾಗಾಗಿ ನನ್ನ ಓಟು ಕರುಣ್‌ಗೆ. ಆದ್ರೆ ಅದೇ ಪಂದ್ಯದಲ್ಲಿ 5 ವಿಕೆಟ್ ಕಿತ್ತು, ಶತಕವನ್ನೂ ಹೊಡೆದ ವಿನಯ್ ಕುಮಾರ್‌ರನ್ನ ಮರೀಬೇಡಿ. ನಿಮ್ಮ ಲೆಕ್ಕ ಏನು?