ಅಡ್ಡಹೆಸರಿನ ಜಾಡು ಹಿಡಿದು

ಮಕ್ಕಳೇ, ನಾಳೆ ಮಾಸ್ತರು ಹಾಜರಿ ಕೂಗುವಾಗ ಸ್ವಲ್ಪ ಕಿವಿಗೊಟ್ಟು ಕೇಳಿ. ರೋಣ, ನರಗುಂದ, ಗಜೇಂದ್ರಗಡದ ಯಾವ ಶಾಲೆಯಾದರೂ ಸರಿ, ಬಡಿಗೇರ, ಕಮ್ಮಾರ, ಪಾಟೀಲ, ಕುಲಕರ್ಣಿ, ಹಿರೇಮಠ, ಹೊಸಮನಿ ಎಂಬ ಅಡ್ಡಹೆಸರುಗಳು ಸಾಲಾಗಿ ಬರುತ್ತವೆ. ಇವು ಹುಟ್ಟಿದ್ದು ಹೇಗೆ? ಬನ್ನಿ, ಹುಡುಕೋಣ.

ಒಂದೇ ಊರಿನಲ್ಲಿ ನಾಲ್ಕು ಮಂದಿ ಬಸಪ್ಪ ಇದ್ದಾರೆ ಎಂದುಕೊಳ್ಳಿ. "ಬಸಪ್ಪಾ" ಎಂದರೆ ನಾಲ್ವರೂ ತಿರುಗುತ್ತಾರೆ! ಅದಕ್ಕೇ ಜನ ಒಬ್ಬೊಬ್ಬರಿಗೂ ಒಂದೊಂದು ಗುರುತು ಹಚ್ಚಿದರು. ಮರಗೆಲಸದವನು ಬಡಿಗೇರ, ಊರಿನ ಲೆಕ್ಕ ಬರೆಯುವವನು ಕುಲಕರ್ಣಿ. ಆ ಗುರುತು ಮಕ್ಕಳಿಗೂ ಮೊಮ್ಮಕ್ಕಳಿಗೂ ಅಂಟಿಕೊಂಡಿತು.

ಕೆಲಸ ಬದಲಾದರೂ ಹೆಸರು ಉಳಿಯುತ್ತದೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ದೊಡ್ಡ ಹಾಡುಗಾರರಾದರು. ಆದರೆ ಜೋಶಿ ಎಂದರೆ ಪಂಚಾಂಗ ನೋಡಿ ಹೇಳುವವರು. ಹೆಸರು ಹೇಳುವುದು ಇವತ್ತಿನ ಕೆಲಸವನ್ನಲ್ಲ, ಎಂದೋ ಇದ್ದ ಹಿರಿಯರ ಕೆಲಸವನ್ನು.

ಈಗ ಒಂದು ಒಗಟು. ಪಿ. ಬಿ. ಗಜೇಂದ್ರಗಡ್ಕರ್ ಅವರು 1964ರಿಂದ 1966ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದರು. ಅವರು ಹುಟ್ಟಿದ್ದು ಮಹಾರಾಷ್ಟ್ರದ ಸಾತಾರದಲ್ಲಿ. ಹಾಗಾದರೆ ನಮ್ಮ ಗಜೇಂದ್ರಗಡ ಅವರ ಹೆಸರಿಗೆ ಹೇಗೆ ಸೇರಿತು?

ಸ್ವಲ್ಪ ಯೋಚಿಸಿ. ಗಜೇಂದ್ರಗಡದೊಳಗೆ ಎಲ್ಲರೂ ಗಜೇಂದ್ರಗಡದವರೇ, ಅಲ್ಲಿ ಆ ಗುರುತಿನಿಂದ ಏನು ಉಪಯೋಗ? ಊರು ಬಿಟ್ಟು ಬೇರೆಡೆ ನೆಲೆಸಿದಾಗಲೇ ಅದು ಕೆಲಸಕ್ಕೆ ಬರುವುದು. ಅವರ ಹಿರಿಯರು ಗಜೇಂದ್ರಗಡದಿಂದ ಹೋದವರು. ಮರಾಠಿಯ 'ಕರ್' ಅಂಥವರನ್ನು ಗುರುತಿಸುತ್ತದೆ. ನರಗುಂದಕರ ಎಂಬುದೂ ಹೀಗೇ. ಅಂದರೆ, ಊರಿನ ಹೆಸರು ಹೊತ್ತ ಮನೆತನ ಕಂಡರೆ, ಅವರ ಹಿರಿಯರು ಎಂದೋ ಗಂಟುಮೂಟೆ ಕಟ್ಟಿದ್ದಿರಬೇಕು ಎಂದು ಊಹಿಸಬಹುದು.

ಸಮುದ್ರಗಳಾಚೆಯ ಐರ್ಲೆಂಡಿನಲ್ಲೂ ಇದೇ ಆಟ! ಅಲ್ಲಿ 'ಮ್ಯಾಕ್' ಅಂದರೆ ಮಗ, 'ಓ' ಅಂದರೆ ಮೊಮ್ಮಗ ಅಥವಾ ವಂಶದವನು. 1014ರಲ್ಲಿ ಯುದ್ಧದಲ್ಲಿ ಮಡಿದ ಬ್ರಿಯನ್ ಬೋರು ಎಂಬ ರಾಜನ ವಂಶದವರು ಓಬ್ರಿಯನ್ ಆದರು. ಮೆಕ್‌ಗೋವನ್ ಅಂದರೆ ಕಮ್ಮಾರನ ಮಗ. ನಿಮ್ಮ ತರಗತಿಯ ಕಮ್ಮಾರನಿಗೆ ಅಲ್ಲೊಬ್ಬ ಹೆಸರಿನ ಜೊತೆಗಾರ ಸಿಕ್ಕಂತಾಯಿತು!

ಹಾಗೆಂದು ಇಬ್ಬರೂ ನೆಂಟರಲ್ಲ. ಕುಲುಮೆ ಊರೂರಲ್ಲೂ ಇತ್ತು, ಹಾಗಾಗಿ ಹೆಸರೂ ಊರೂರಲ್ಲಿ ಬೇರೆ ಬೇರೆಯಾಗಿ ಹುಟ್ಟಿತು. ಅಡ್ಡಹೆಸರು ಒಂದೇ ಇದ್ದ ಮಾತ್ರಕ್ಕೆ ಮನೆತನ ಒಂದೇ ಎನ್ನಲಾಗದು. ಅದು ಬರೀ ಸುಳಿವು. ಸುಳಿವನ್ನು ಪರೀಕ್ಷಿಸುವುದೇ ವಿಜ್ಞಾನ.

ಇಂದು ಸಂಜೆ ಅಜ್ಜ ಅಜ್ಜಿಯರನ್ನು ಕೇಳಿ: ನಮ್ಮ ಹಿರಿಯರು ಯಾವ ಊರವರು, ಏನು ಕೆಲಸ ಮಾಡುತ್ತಿದ್ದರು? ಖಚಿತವಾಗಿ ಗೊತ್ತಿರುವುದನ್ನು ಒಂದು ಪುಟದಲ್ಲಿ, ಊಹೆಯನ್ನು ಇನ್ನೊಂದು ಪುಟದಲ್ಲಿ ಬರೆದಿಡಿ. ಎರಡನ್ನೂ ಬೆರೆಸಬೇಡಿ.