ನಿಮ್ಮ ಹೊಲದ ಪ್ರಶ್ನೆ ಹೊತ್ತು ಹೋಗಿ ಬನ್ನಿ

ಫರ್ಡಿನಾಂಡ್ ಕಿಟ್ಟೆಲ್ ನಮ್ಮ ನಾಡಿಗೆ ಕಾಲಿಟ್ಟಾಗ ಅವರಿಗೆ ಇಪ್ಪತ್ತೊಂದು ವರ್ಷ. ಅದು 1853. ಬಾಸೆಲ್ ಮಿಶನ್ನಿನ ಕೆಲಸಕ್ಕೆಂದು ಬಂದ ಆ ಜರ್ಮನ್ ತರುಣನಿಗೆ ಇಲ್ಲಿನ ಬಿಸಿಲು, ಊಟ, ಮಾತು ಎಲ್ಲವೂ ಹೊಸದು. ಆದರೂ ಜನರ ನಡುವೆ ಕೂತು ಕೇಳಿದರು, ಕಲಿತರು, ಬರೆದಿಟ್ಟುಕೊಂಡರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70 ಸಾವಿರ ಶಬ್ದಗಳಿದ್ದವು. ಎರಡು ವರ್ಷದ ನಂತರ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಜರ್ಮನಿಯ ಹಳೆಯ ವಿಶ್ವವಿದ್ಯಾಲಯವೊಂದು ನಮ್ಮ ಜನರ ಮಾತಿಗೆ ಮಣೆ ಹಾಕಿ ನೂರಿಪ್ಪತ್ತೈದು ವರ್ಷಕ್ಕೂ ಮೇಲಾಯಿತು.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ತಮ್ಮಂದಿರೇ, ತಂಗಿಯರೇ, ನಿಮಗೂ ಈಗ ಅದೇ ವಯಸ್ಸು. 2024-25ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರು ಸುಮಾರು 59 ಸಾವಿರ. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮ ದೇಶದವರದೇ ದೊಡ್ಡ ಗುಂಪು. ಆ ಗುಂಪಿನಲ್ಲಿ ಬೆಂಗಳೂರು, ಪುಣೆ, ಹೈದರಾಬಾದಿನ ಮಕ್ಕಳ ಪಕ್ಕ ಬೆಳವಲದ ಮಕ್ಕಳೂ ನಿಲ್ಲಬೇಕು. ಇದು ನನ್ನ ಆಸೆಯಷ್ಟೇ ಅಲ್ಲ, ಹಟ.

ಹಳ್ಳಿಯ ಹುಡುಗರು ಹಿಂದೆ ಬೀಳುವುದು ಬುದ್ಧಿಯಿಂದಲ್ಲ. ಎಷ್ಟೋ ಸಲ ರೊಕ್ಕದಿಂದಲೂ ಅಲ್ಲ. ಸುದ್ದಿ ತಡವಾಗಿ ಮುಟ್ಟುವುದರಿಂದ. ಲೆಕ್ಕ ಹಾಕಿ ನೋಡಿ. ವಿನಿಮಯ ವರ್ಷವೆಂದರೆ ಇಲ್ಲಿನ ಎಂ.ಎಸ್ಸಿ. ಅಥವಾ ಎಂ.ಟೆಕ್. ಬಿಡದೆ, ಅದರ ನಡುವೆಯೇ ಒಂದೆರಡು ಸೆಮಿಸ್ಟರ್ ಅಲ್ಲಿ ಓದಿ ಬರುವುದು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಶುರುವಾಗುವುದು ಅಕ್ಟೋಬರಿನಲ್ಲಿ. ಆ ಅಕ್ಟೋಬರಿಗೆ ನೀವು ಅಲ್ಲಿರಬೇಕಾದರೆ ಬೇಸಿಗೆಯ ಹೊತ್ತಿಗೇ ನಿಮ್ಮ ವಿಶ್ವವಿದ್ಯಾಲಯ ನಿಮ್ಮ ಹೆಸರು ಕಳಿಸಿರಬೇಕು. ಅದಕ್ಕೂ ಮೊದಲು ವಿಭಾಗದ ಮುಖ್ಯಸ್ಥರು ಒಪ್ಪಿರಬೇಕು, ಅಲ್ಲಿ ಓದುವ ವಿಷಯಗಳ ಪಟ್ಟಿ ಸಿದ್ಧವಿರಬೇಕು, ಪಾಸ್‌ಪೋರ್ಟ್ ಕೈಯಲ್ಲಿರಬೇಕು. ಎರಡೇ ವರ್ಷದ ಎಂ.ಎಸ್ಸಿ.ಯಲ್ಲಿ ಹಾಸ್ಟೆಲು, ಮೆಸ್ಸು, ಲ್ಯಾಬು ಎಂದು ಹೊಂದಿಕೊಳ್ಳುವಷ್ಟರಲ್ಲಿ ಮೊದಲ ಸೆಮಿಸ್ಟರ್ ಮುಗಿದಿರುತ್ತದೆ, ಬಾಗಿಲೂ ಮುಚ್ಚಿರುತ್ತದೆ. ಹಿಂಗಾರಿ ಕಡಲೆ ಬಿತ್ತುವವರು ಹಸಿ ಆರಿದ ಮೇಲೆ ಕೂರಿಗೆ ಹುಡುಕುವುದಿಲ್ಲ. ಹಾಗೆಯೇ ಈ ತಯಾರಿ ಶುರುವಾಗಬೇಕಾದ್ದು ಎಂ.ಎಸ್ಸಿ. ಸೇರಿದ ಮೇಲಲ್ಲ, ಬಿ.ಎಸ್ಸಿ.ಯ ಕೊನೆಯ ವರ್ಷದಲ್ಲಿ. ನವಲಗುಂದದ ಡಿಗ್ರಿ ಕಾಲೇಜಿನ ಬೆಂಚಿನ ಮೇಲೆ ಕೂತಿರುವಾಗಲೇ.

ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, ಐಐಟಿ, ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಎಲ್ಲಿ ಸೇರಿದರೂ ಮೊದಲ ವಾರವೇ ವಿದೇಶಿ ಒಪ್ಪಂದ ನೋಡಿಕೊಳ್ಳುವ ಕಚೇರಿ ಹುಡುಕಿ. ಯಾವ ಜರ್ಮನ್ ವಿಶ್ವವಿದ್ಯಾಲಯದೊಂದಿಗೆ ಚಾಲ್ತಿಯಲ್ಲಿರುವ ಒಪ್ಪಂದವಿದೆ, ಎಷ್ಟು ಸೀಟು, ಕೊನೆಯ ದಿನ ಯಾವುದು ಎಂದು ಕೇಳಿ. ಕೇಳಲು ಸಂಕೋಚ ಬೇಡ, ಆ ಕಚೇರಿ ಇರುವುದೇ ಅದಕ್ಕೆ. ಒಪ್ಪಂದದಡಿ ಹೋದವರು ಅಲ್ಲಿ ಬೋಧನಾ ಶುಲ್ಕ ಕಟ್ಟಬೇಕಿಲ್ಲ. ಹೋಹೆನ್‌ಹೈಮ್ ಕೃಷಿ ವಿದ್ಯಾಕೇಂದ್ರವಿರುವ ಬಾಡೆನ್-ವ್ಯೂರ್ಟೆಂಬೆರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ವಿಧಿಸುತ್ತದೆ. ವಿನಿಮಯದಲ್ಲಿ ಬಂದವರಿಗೆ ಅಲ್ಲೂ ವಿನಾಯಿತಿ. ಅಲ್ಲಿ ಗಳಿಸುವ ಕ್ರೆಡಿಟ್ ಇಲ್ಲಿ ಯಾವ ವಿಷಯಕ್ಕೆ ಲೆಕ್ಕವಾಗುತ್ತದೆ ಎಂಬುದನ್ನು ಮಾತ್ರ ವಿಮಾನ ಹತ್ತುವ ಮುಂಚೆಯೇ ಬರಹದಲ್ಲಿ ಮಾಡಿಸಿ, ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆ ನಂಬಿ ಒಂದು ವರ್ಷ ಕಳಕೊಳ್ಳಬೇಡಿ.

ಇಷ್ಟು ಕಾಗದಪತ್ರದ ಮಾತಾಯಿತು. ನನಗೆ ಇದಕ್ಕಿಂತ ಮುಖ್ಯವಾದದ್ದು ನೀವು ಅಲ್ಲಿಗೆ ಏನು ಹೊತ್ತು ಹೋಗುತ್ತೀರಿ ಎಂಬುದು.

ಖಾಲಿ ಕೈಯಲ್ಲಿ ಹೋಗಬೇಡಿ. ಪ್ರಶ್ನೆ ಹಿಡಿದು ಹೋಗಿ. ನಿಮ್ಮ ತಾಲೂಕಿನಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ನವಲಗುಂದದವರು ನೀರಿಗಾಗಿ ಹೋರಾಡುತ್ತಲೇ ಬಂದವರು. 1980ರ ಜುಲೈ 21ರ ರೈತ ಬಂಡಾಯ ನಿಮ್ಮ ಅಜ್ಜಂದಿರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ, 2015ರಲ್ಲಿ ಭುಗಿಲೆದ್ದ ಮಹದಾಯಿ ಹೋರಾಟ ನೀವೇ ಕಂಡದ್ದು. ನೀರು ಬೇಡಿದ ಅದೇ ನೆಲದಲ್ಲಿ ಮಳೆಗಾಲಕ್ಕೆ ಬೆಣ್ಣಿಹಳ್ಳ ಉಕ್ಕಿ ಹೊಲ ನುಂಗುತ್ತದೆ, ಕಾಲುವೆ ನೀರು ಕಂಡ ಎರಿಭೂಮಿ ಅಲ್ಲಲ್ಲಿ ಸವಳು-ಜವಳಾಗುತ್ತದೆ. ಡ್ರೆಸ್ಡೆನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಜಲವಿಜ್ಞಾನಕ್ಕೇ ಇಂಗ್ಲಿಷಿನಲ್ಲಿ ನಡೆಯುವ ಸ್ನಾತಕೋತ್ತರ ಪಾಠವಿದೆ. ಆ ತರಗತಿಯಲ್ಲಿ ಹಳ್ಳದ ಪ್ರವಾಹವನ್ನು ಕಣ್ಣಾರೆ ಕಂಡವರ ಮಾತಿಗೆ ಬೇರೆಯೇ ತೂಕವಿರುತ್ತದೆ. ಕುಂದಗೋಳದ ಹೊಲದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಗಾಢ. ಅದರ ಹಿಂದಿನ ರಸಾಯನವನ್ನು ಯಾರು ಬಿಡಿಸಬೇಕು? ಅಣ್ಣಿಗೇರಿಯ ಹೆಸರು, ಕಡಲೆಯ ಬೇರಿನ ಗಂಟುಗಳು ಎರಿಮಣ್ಣಿಗೆ ಎಷ್ಟು ಸಾರಜನಕ ಕೊಡುತ್ತವೆ? ಕಲಘಟಗಿ ತೊಟ್ಟಿಲಿನ ಅರಗಿನ ಬಣ್ಣ ತಲೆಮಾರು ದಾಟಿದರೂ ಮಾಸದಿರುವುದು ಹೇಗೆ? ಇವೆಲ್ಲ ಪ್ರಯೋಗಾಲಯಕ್ಕೆ ಒಯ್ಯಬೇಕಾದ ಪ್ರಶ್ನೆಗಳು.

ಜರ್ಮನರಿಗೆ ನಮ್ಮ ಮಣ್ಣು ಯಾಕೆ ಬೇಕು ಎನ್ನಬೇಡಿ. ಗ್ಯೋಟಿಂಗೆನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 2016ರಿಂದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದೊಂದಿಗೆ ಸೇರಿ ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ಬೆಳೆ, ಮಣ್ಣು, ಹೈನದ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದರು. ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಾರೆ. ನಮ್ಮ ಕನ್ನಡ ವಿದ್ವಾಂಸ ಬಿ.ಎ. ವಿವೇಕ ರೈ ಅಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಜರ್ಮನರು ಕೇಳಲು ಸಿದ್ಧರಿದ್ದಾರೆ, ಹೇಳುವವರು ನೀವಾಗಬೇಕು.

ಇನ್ನು ರೊಕ್ಕ. ಅದನ್ನು ಮುಚ್ಚಿಟ್ಟು ಹುರಿದುಂಬಿಸುವುದು ಅನ್ಯಾಯ. ವಿದ್ಯಾರ್ಥಿ ವೀಸಾಕ್ಕೆ ಒಂದು ವರ್ಷದ ಖರ್ಚೆಂದು 11,904 ಯೂರೊ, ಅಂದರೆ ತಿಂಗಳಿಗೆ 992 ಯೂರೊ, ನಿಮ್ಮ ಹೆಸರಿನ ನಿರ್ಬಂಧಿತ ಖಾತೆಯಲ್ಲಿ ತೋರಿಸಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 12 ಲಕ್ಷ ರೂಪಾಯಿ. ಅದು ಶುಲ್ಕವಲ್ಲ, ಪ್ರತಿ ತಿಂಗಳು ನಿಮ್ಮ ಊಟ-ಬಾಡಿಗೆಗೆ ಮರಳಿ ಬರುವ ನಿಮ್ಮದೇ ಹಣ. ಆದರೂ ದೊಡ್ಡ ಮೊತ್ತವೇ. ಜರ್ಮನಿಯ ಡಾಡ್ (DAAD) ಸಂಸ್ಥೆಯ ವಿದ್ಯಾರ್ಥಿವೇತನ ಸಿಕ್ಕರೆ ಈ ಭಾರವೇ ಇಳಿಯುತ್ತದೆ. ಆದ್ದರಿಂದ ಮೊದಲ ಬೆವರು ಅದಕ್ಕೆ ಹರಿಯಲಿ. ಸರ್ಕಾರಿ ಬ್ಯಾಂಕುಗಳಲ್ಲಿ ಏಳೂವರೆ ಲಕ್ಷದವರೆಗೆ ಅಡವಿಲ್ಲದ ಶಿಕ್ಷಣ ಸಾಲವಿದೆ. ವಿನಿಮಯಕ್ಕಲ್ಲದೆ ಪೂರ್ತಿ ಸ್ನಾತಕೋತ್ತರ ಪದವಿಗೇ ಹೋಗುವ ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ವಿಚಾರಿಸಲಿ. ಒಂದು ಮಾತು ಕಡ್ಡಾಯವಾಗಿ ಕೇಳಿ: ಒಂದು ವರ್ಷದ ಓದಿಗೆ ಅಪ್ಪನ ಎರಿಹೊಲ ಮಾರಿಸಬೇಡಿ. ಈ ವರ್ಷ ವಿದ್ಯಾರ್ಥಿವೇತನ ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ. ಲಕ್ಷಗಟ್ಟಲೆ ಕೇಳುವ ಏಜೆಂಟರ ಹತ್ತಿರವೂ ಹೋಗಬೇಡಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ನೀವೇ ನೇರವಾಗಿ ಅರ್ಜಿ ಹಾಕಬಹುದು.

ನಮ್ಮ ಕಡೆ ಕೆಲಸ ಕೆಡುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಅಡ್ಡಹೆಸರು ಸೇರಿಸಿ ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಮತ್ತೊಂದು. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಬಾಗಿಲಿಗೆ ಹೋದ ಮೇಲೆ ಇದು ಗೊತ್ತಾದರೆ ತಿಂಗಳುಗಳೇ ಹಾಳು. ಮೂರನ್ನೂ ಈ ವಾರವೇ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. 2022ರ ನವೆಂಬರಿನಿಂದ ವಿದ್ಯಾರ್ಥಿ ವೀಸಾಕ್ಕೆ, ನಿಮ್ಮ ಓದಿನ ದಾಖಲೆ ಪರಿಶೀಲಿಸುವ ಎಪಿಎಸ್ ಸಂಸ್ಥೆಯ ಪ್ರಮಾಣಪತ್ರವೂ ಬೇಕು, ಅದಕ್ಕೆ 18,000 ರೂಪಾಯಿ ಶುಲ್ಕ. ಯಾರಿಗೆ ವಿನಾಯಿತಿ ಎಂಬುದನ್ನು ಆ ಸಂಸ್ಥೆಯ ಜಾಲತಾಣದಲ್ಲೇ ಓದಿ. ಜರ್ಮನ್ ಭಾಷೆಯ ಮೊದಲ ಹಂತವನ್ನು ಇಲ್ಲಿಂದಲೇ ಮುಗಿಸಿ ಹೊರಡಿ. ಪಾಠ ಇಂಗ್ಲಿಷಿನಲ್ಲಿದ್ದರೂ ಬಾಡಿಗೆ ಮನೆಯ ಒಡತಿ, ಡಾಕ್ಟರು, ಬಸ್ ಚಾಲಕ ಮಾತಾಡುವುದು ಜರ್ಮನ್.

ತಂಗಿಯರೇ, ನಿಮಗೆ ಮನೆಯ ಹೊಸ್ತಿಲೇ ಎತ್ತರ ಎಂದು ಬಲ್ಲೆ. “ಒಂದ್ ವರ್ಷ ಅಷ್ಟ್ ದೂರ ಒಬ್ಬಾಕಿ ಹೆಂಗ ಇರ್ತೀ ಯವ್ವಾ?” ಎಂದು ಅವ್ವ ಕೇಳುತ್ತಾಳೆ. ಆ ಭಯವನ್ನು ಹಗುರ ಮಾಡಬೇಡಿ, ಉತ್ತರ ಕೊಡಿ. ಹಾಸ್ಟೆಲು ಎಲ್ಲಿ, ಪ್ರಾಧ್ಯಾಪಕರು ಯಾರು, ವಿಮೆ ಏನು, ಮರಳುವ ದಿನ ಯಾವುದು ಎಂದು ಹಾಳೆಯಲ್ಲಿ ಬರೆದು ಅವ್ವ-ಅಪ್ಪನ ಮುಂದೆ ಓದಿ. ಇದೇ ಕುಂದಗೋಳಕ್ಕೆ ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಸವಾಯಿ ಗಂಧರ್ವರ ಬಳಿ ಸಂಗೀತ ಕಲಿತರು. ಹೆಣ್ಣುಮಗಳು ಹಾಡಿದರೆ ಜನ ಆಡಿಕೊಳ್ಳುತ್ತಿದ್ದ ಕಾಲವದು. ವಿದ್ಯೆಗಾಗಿ ಹೊಸ್ತಿಲು ದಾಟಿದ ಹೆಣ್ಣುಮಕ್ಕಳು ಈ ಮಣ್ಣಿಗೆ ಹೊಸಬರಲ್ಲ.

ಹೋದವರು ಮರಳಿ ಬರಬೇಕೆಂದು ನಾನು ಆಣೆ ಹಾಕಿಸುವುದಿಲ್ಲ. ಆದರೆ ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆ ಕೇಂಬ್ರಿಜ್‌ನಲ್ಲಿ ಗಣಿತದ ರ್‍ಯಾಂಗ್ಲರ್ ಆಗಿ ಬಂದು, 1954ರಿಂದ 1967ರವರೆಗೆ ಕುಲಪತಿಯಾಗಿ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿದರು. ಹಳ್ಳಿಯಿಂದ ಹೋದ ಒಬ್ಬರು ಮರಳಿದ್ದರಿಂದ ಎಷ್ಟು ಸಾವಿರ ಹಳ್ಳಿಯ ಮಕ್ಕಳು ಧಾರವಾಡದಲ್ಲಿ ಓದಿದರೆಂದು ಯೋಚಿಸಿ.

ಈಗ ಜರ್ಮನಿಯ ಒಬ್ಬ ಪ್ರಾಧ್ಯಾಪಕರನ್ನು ಆರಿಸಿ ಪತ್ರ ಬರೆಯಿರಿ. ಹೊಗಳಿಕೆ ಬೇಡ, ನಿಮ್ಮ ಊರು, ನಿಮ್ಮ ಹೊಲದಲ್ಲಿ ನೀವೇ ಕಂಡ ಸಮಸ್ಯೆ, ಅವರ ಯಾವ ಸಂಶೋಧನೆ ಓದಿ ಅವರನ್ನು ಹುಡುಕಿದಿರಿ ಎಂಬುದು ಸಾಕು. ಹತ್ತು ಸಾಲು ಮೀರದಿರಲಿ. ಕಾಲೇಜಿನ ಇಂಗ್ಲಿಷ್ ಮೇಷ್ಟ್ರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ಮತ್ತೊಮ್ಮೆ ನೆನಪಿಸಿ, ಆಗಲೂ ಬಾರದಿದ್ದರೆ ಇನ್ನೊಬ್ಬರಿಗೆ ಬರೆಯಿರಿ.